ಎರಡು ಸಲ ವಿಂಬಲ್ಡನ್ ಗೆದ್ದವಳು ಆಟ ಬಿಟ್ಟಿದ್ದೇಕೆ?

1958ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಅಂಗಳದಲ್ಲಿ ಡಾರ್ಲೀನ್ ಹಾರ್ಡ್‌ರನ್ನು ಸೋಲಿಸಿ ಆಲ್ಥಿಯಾ ಗಿಬ್ಸನ್ ಸತತ ಎರಡನೇ ವರ್ಷ ಅಮೆರಿಕದ ಚಾಂಪಿಯನ್ ಆದಳು. ಆ ಬೇಸಿಗೆಯಲ್ಲೇ ವಿಂಬಲ್ಡನ್ ಕೂಡ ಎರಡನೇ ಸಲ ಅವಳ ಕೈಗೆ ಬಂದಿತ್ತು. ವಯಸ್ಸು 31, ಆಟ ತುತ್ತತುದಿಯಲ್ಲಿತ್ತು. ಆಗಲೇ ಟೆನಿಸ್ ಬಿಡುತ್ತೇನೆಂದು ಹೇಳಿಬಿಟ್ಟಳು. ಕೈಯಲ್ಲಿ ದುಡ್ಡಿರಲಿಲ್ಲ.

ಆಲ್ಥಿಯಾ ಎಂದರೆ ವರ್ಣಭೇದದ ಗೋಡೆ ಕೆಡವಿದವಳು ಎಂದು ನಾವು ಓದಿದ್ದೇವೆ. ಅದು ನಿಜ. ಆ ಗೋಡೆಯ ಹಿಂದೆ ಇನ್ನೊಂದು ನಿಂತಿತ್ತು ಎಂಬುದನ್ನು ಮಾತ್ರ ಕಡಿಮೆ ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಆಕೆಯ ಬದುಕಿನ ನಿಜವಾದ ನೋವು ಅಲ್ಲಿದೆ.

1927ರಲ್ಲಿ ಸೌತ್ ಕ್ಯಾರೊಲಿನಾದ ಸಿಲ್ವರ್ ಎಂಬ ಊರಿನಲ್ಲಿ, ಪರರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದವರ ಮನೆಯಲ್ಲಿ ಹುಟ್ಟಿದವಳು ಆಲ್ಥಿಯಾ. ಬೆಳೆ ಕೈಕೊಟ್ಟಾಗ ಕುಟುಂಬ ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂತು. ಅಲ್ಲಿನ 143ನೇ ಬೀದಿಯನ್ನು ಮಕ್ಕಳ ಆಟಕ್ಕೆಂದು ವಾಹನಗಳಿಗೆ ಮುಚ್ಚುತ್ತಿದ್ದರು. ಶಾಲೆ ತಪ್ಪಿಸಿ ತಿರುಗುತ್ತಿದ್ದ ಹುಡುಗಿ ಮರದ ಬ್ಯಾಟಿನ ಪ್ಯಾಡಲ್ ಟೆನಿಸ್ ಕಲಿತದ್ದು ಆ ಬೀದಿಯಲ್ಲೇ. 12ನೇ ವಯಸ್ಸಿಗೆ ನಗರದ ಚಾಂಪಿಯನ್ ಆದಳು. ಅವಳ ಆಟ ಕಂಡ ಬಡ್ಡಿ ವಾಕರ್ ಎಂಬ ಸಂಗೀತಗಾರ ನಿಜವಾದ ರ‍್ಯಾಕೆಟ್ ಹಿಡಿಸಿದ. ಕಾಸ್ಮೊಪಾಲಿಟನ್ ಕ್ಲಬ್ಬಿನಲ್ಲಿ ಒಂದೇ ಕೈಯಿದ್ದ ಫ್ರೆಡ್ ಜಾನ್ಸನ್ ಅವಳಿಗೆ ಪಾಠ ಹೇಳಿದರು. ಆಮೇಲೆ ಇಬ್ಬರು ಕಪ್ಪು ವೈದ್ಯರು, ಹ್ಯೂಬರ್ಟ್ ಈಟನ್ ಮತ್ತು ವಾಲ್ಟರ್ ಜಾನ್ಸನ್, ಮನೆಮಗಳಂತೆ ಇಟ್ಟುಕೊಂಡು ಓದನ್ನೂ ಆಟವನ್ನೂ ಮುಂದುವರಿಸಿದರು.

ಅಮೆರಿಕದ ಮುಖ್ಯ ಟೆನಿಸ್ ಸಂಘ ಕಪ್ಪು ಜನರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅದಕ್ಕೇ ಅವರು 1916ರಲ್ಲಿ ತಮ್ಮದೇ ಅಮೆರಿಕನ್ ಟೆನಿಸ್ ಅಸೋಸಿಯೇಷನ್ ಕಟ್ಟಿಕೊಂಡಿದ್ದರು. ಆ ಸಂಘದ ರಾಷ್ಟ್ರೀಯ ಮಹಿಳಾ ಪ್ರಶಸ್ತಿಯನ್ನು 1947ರಿಂದ ಆಲ್ಥಿಯಾ ಹತ್ತು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ಆದರೂ ಫಾರೆಸ್ಟ್ ಹಿಲ್ಸ್‌ನ ಬಾಗಿಲು ತೆರೆಯಲಿಲ್ಲ. ಬರಿಯ ನಿಯಮ ಮುಂದಿಟ್ಟು ತಡೆದರೆ ಕೆಟ್ಟದಾಗಿ ಕಾಣುತ್ತದಲ್ಲ! ಅದಕ್ಕೆ ದೊಡ್ಡ ಟೂರ್ನಿಗಳಲ್ಲಿ ಆಡಿ ಅರ್ಹತೆ ತೋರಿಸಬೇಕೆಂದರು. ಆ ಟೂರ್ನಿಗಳು ನಡೆಯುತ್ತಿದ್ದುದು ಬಿಳಿಯರ ಕ್ಲಬ್ಬುಗಳಲ್ಲಿ, ಆಹ್ವಾನ ಅಲ್ಲಿಂದ ಬರುತ್ತಿರಲಿಲ್ಲ. 1950ರ ಜುಲೈಯಲ್ಲಿ ಮಾಜಿ ಚಾಂಪಿಯನ್ ಆಲಿಸ್ ಮಾರ್ಬಲ್ 'ಅಮೆರಿಕನ್ ಲಾನ್ ಟೆನಿಸ್' ಪತ್ರಿಕೆಯಲ್ಲಿ ಇದನ್ನು ಬೂಟಾಟಿಕೆ ಎಂದೇ ಕರೆದು ಬರೆದರು. ಬಿಳಿಯ ಆಟಗಾರ್ತಿಯೊಬ್ಬರು ಸಭ್ಯರ ಆಟದ ಮುಖಕ್ಕೆ ಹೀಗೆ ಕನ್ನಡಿ ಹಿಡಿಯಲು ಧೈರ್ಯ ಬೇಕಿತ್ತು. ಮುಂದಿನ ತಿಂಗಳೇ ಆಲ್ಥಿಯಾ ಫಾರೆಸ್ಟ್ ಹಿಲ್ಸ್‌ನಲ್ಲಿದ್ದಳು.

ಎರಡನೇ ಸುತ್ತಿನಲ್ಲಿ ಎದುರಿಗಿದ್ದವರು ವಿಂಬಲ್ಡನ್ ಚಾಂಪಿಯನ್ ಲೂಯಿಸ್ ಬ್ರೌ. ಮೊದಲ ಸೆಟ್ ಸೋತು, ಎರಡನೆಯದು ಗೆದ್ದು, ಮೂರನೆಯದರಲ್ಲಿ ಆಲ್ಥಿಯಾ 7-6ರಿಂದ ಮುಂದಿದ್ದಾಗ ಸಿಡಿಲು ಸಹಿತ ಮಳೆ ಸುರಿಯಿತು. ಕ್ರೀಡಾಂಗಣದ ಮೇಲಿದ್ದ ಕಲ್ಲಿನ ಹದ್ದೊಂದು ಸಿಡಿಲಿಗೆ ಉರುಳಿಬಿತ್ತು. ರಾತ್ರಿಯಿಡೀ ಆತಂಕದಲ್ಲಿ ಕಳೆದು ಮರುದಿನ ಅಂಗಳಕ್ಕಿಳಿದವಳು ಕೆಲವೇ ನಿಮಿಷಗಳಲ್ಲಿ ಪಂದ್ಯ ಕಳೆದುಕೊಂಡಳು.

ಮುಂದಿನ ಕೆಲವು ವರ್ಷ ಆಟ ಏರಲಿಲ್ಲ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಾ, ಸೈನ್ಯ ಸೇರುವ ಯೋಚನೆಯಲ್ಲಿದ್ದಳು. ಆಗ, 1955ರಲ್ಲಿ, ಅಮೆರಿಕ ಸರ್ಕಾರ ಅವಳನ್ನು ಏಷ್ಯಾ ಪ್ರವಾಸಕ್ಕೆ ಕಳಿಸಿತು. ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಮಿಸಿಸಿಪ್ಪಿಯಲ್ಲಿ ಕೊಂದ ಸುದ್ದಿ ಲೋಕಕ್ಕೆಲ್ಲ ತಲುಪಿದ್ದ ವರ್ಷವದು. ಸರ್ಕಾರಕ್ಕೆ ತೋರಿಸಲು ಒಂದು ಕಪ್ಪು ಮುಖ ಬೇಕಿತ್ತು. ಭಾರತ, ಬರ್ಮಾ, ಸಿಲೋನ್‌ಗಳಲ್ಲಿ ಆಡುತ್ತಾ ಅವಳ ಆಟ ಮತ್ತೆ ಕುದುರಿತು. ಏಂಜೆಲಾ ಬಕ್ಸ್‌ಟನ್ ಪರಿಚಯವಾದದ್ದು ನಮ್ಮ ನೆಲದಲ್ಲೇ. ಯಹೂದಿ ಎಂಬ ಕಾರಣಕ್ಕೆ ಲಂಡನ್ನಿನಲ್ಲಿ ಕ್ಲಬ್ ಸದಸ್ಯತ್ವ ಸಿಗದಿದ್ದ ಇಂಗ್ಲೆಂಡಿನ ಹುಡುಗಿ ಆಕೆ. ಈ ಇಬ್ಬರೂ ಜೋಡಿಯಾಗಿ 1956ರಲ್ಲಿ ಫ್ರೆಂಚ್ ಮತ್ತು ವಿಂಬಲ್ಡನ್ ಡಬಲ್ಸ್ ಗೆದ್ದರು. ಅದೇ ವರ್ಷ ಆಲ್ಥಿಯಾ ಫ್ರೆಂಚ್ ಸಿಂಗಲ್ಸ್ ಕೂಡ ಗೆದ್ದಳು. ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಯೊಂದು ಕಪ್ಪು ಆಟಗಾರರೊಬ್ಬರಿಗೆ ಸಂದದ್ದು ಅದೇ ಮೊದಲು.

1957ರಲ್ಲಿ ವಿಂಬಲ್ಡನ್ ಗೆದ್ದಾಗ ರಾಣಿ ಎಲಿಜಬೆತ್ ಕೈಕುಲುಕಿ ಪ್ರಶಸ್ತಿ ಕೊಟ್ಟರು. ನ್ಯೂಯಾರ್ಕ್ ನಗರ ಮೆರವಣಿಗೆ ಮಾಡಿತು. ಆದರೆ ಅಂದಿನ ನಿಯಮದಂತೆ ದೊಡ್ಡ ಟೂರ್ನಿಗಳು ಅಮೆಚೂರ್‌ಗಳಿಗೆ, ಎಂದರೆ ಆಟದಿಂದ ದುಡಿಯದವರಿಗೆ ಮಾತ್ರ. ಟಿಕೆಟ್ ಹಣ ಸಂಘಗಳಿಗೆ. ಆಡಿದವರಿಗೆ ಓಡಾಟದ ಖರ್ಚು, ದಿನಭತ್ಯೆ. ಮನೆಯಲ್ಲಿ ಆಸ್ತಿ ಇದ್ದವರಿಗೆ ಇದು ಕ್ರೀಡಾಧರ್ಮದಂತೆ ಕಾಣಬಹುದು. ಹತ್ತಿ ಬಿಡಿಸಿ ಬದುಕಿದವರ ಮಗಳಿಗೆ? ಕಿರೀಟವನ್ನು ತಿನ್ನಲಾಗದು ಎಂದು ಅವಳೇ ಬರೆದುಕೊಂಡಳು.

ಹಾಡಿನ ಆಲ್ಬಮ್ ತಂದಳು, ಸಿನಿಮಾದಲ್ಲಿ ನಟಿಸಿದಳು, ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ ಊರೂರು ತಿರುಗಿ ಪ್ರದರ್ಶನ ಪಂದ್ಯ ಆಡಿದಳು. 1964ರಲ್ಲಿ ವೃತ್ತಿಪರ ಮಹಿಳಾ ಗಾಲ್ಫ್ ಪ್ರವಾಸಕ್ಕೆ ಸೇರಿದ ಮೊದಲ ಕಪ್ಪು ಆಟಗಾರ್ತಿಯಾದಾಗ ವಯಸ್ಸು 37. ಕೆಲವು ಕ್ಲಬ್ಬುಗಳು ಒಳಗೆ ಬಿಡದೆ, ಕಾರಿನಲ್ಲಿ ಕೂತು ಶೂ ಬದಲಿಸುವಂತಾಯಿತು. ಟೆನಿಸ್ ಸಂಘಗಳು ವೃತ್ತಿಪರರಿಗೆ ಬಾಗಿಲು ತೆರೆದದ್ದು 1968ರಲ್ಲಿ. ಆ ವರ್ಷ ವಿಂಬಲ್ಡನ್ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750 ಪೌಂಡ್ ಸಿಕ್ಕಿತು, ಗಂಡಸರ ಚಾಂಪಿಯನ್‌ಗೆ 2,000. ಆಲ್ಥಿಯಾಗೆ ನಲವತ್ತು ದಾಟಿತ್ತು.

1990ರ ದಶಕದಲ್ಲಿ ಪಾರ್ಶ್ವವಾಯು ಬಡಿದು, ಮದ್ದಿಗೂ ಬಾಡಿಗೆಗೂ ಹಣವಿಲ್ಲದೆ, ಬದುಕು ಸಾಕಾಗಿದೆ ಎಂದು ಆಕೆ ಫೋನ್ ಮಾಡಿದ್ದು ಬಕ್ಸ್‌ಟನ್‌ಗೆ. ಹಳೆಯ ಗೆಳತಿ ಆಲ್ಥಿಯಾಗೆ ಗೊತ್ತಾಗದಂತೆ ಟೆನಿಸ್ ಪತ್ರಿಕೆಯೊಂದರಲ್ಲಿ ಮನವಿ ಹಾಕಿಸಿದಳು. ಲೋಕದ ಮೂಲೆಮೂಲೆಯಿಂದ ಹತ್ತಿರ ಹತ್ತಿರ ಹತ್ತು ಲಕ್ಷ ಡಾಲರ್ ಬಂತು. ಆಲ್ಥಿಯಾ 2003ರ ಸೆಪ್ಟೆಂಬರ್ 28ರಂದು ತೀರಿಕೊಂಡಳು.

ಆಕೆಯ ಪ್ರತಿಮೆ ಅಮೆರಿಕನ್ ಓಪನ್ ಅಂಗಳದಲ್ಲಿ ನಿಂತದ್ದು 2019ರಲ್ಲಿ. ಆ ವರ್ಷ ಅಲ್ಲಿ ಮಹಿಳಾ ಸಿಂಗಲ್ಸ್ ಗೆದ್ದ ಬಿಯಾಂಕಾ ಆಂಡ್ರೀಸ್ಕು ಪಡೆದ ಬಹುಮಾನ 38.5 ಲಕ್ಷ ಡಾಲರ್.