ಕಾರ್ಖಾನೆಯ ಇಂಗಾಲ ಲೆಕ್ಕ: ಗುರಿ ಹಾಕುವವರು ಒಬ್ಬರು, ಬಾಯ್ಲರ್ ಕೊಳ್ಳುವವರು ಇನ್ನೊಬ್ಬರು

ಈ ವಿಷಯ ಓದಲು ಕೂತಾಗ ನನಗೆ ಮೊದಲು ತಲೆ ತಿಂದಿದ್ದು 'ಸ್ಕೋಪ್' ಅನ್ನುವ ಪದ. ಅದೊಂದನ್ನು ಬಿಡಿಸಿಕೊಂಡರೆ ಉಳಿದದ್ದು ಅಷ್ಟೇನೂ ಕಷ್ಟವಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕಂಪನಿಗಳು ಇಂಗಾಲದ ಲೆಕ್ಕ ಹಾಕುವುದು ಹೆಚ್ಚಾಗಿ ಜಿಎಚ್‌ಜಿ ಪ್ರೋಟೊಕಾಲ್ (ಜಿಎಚ್‌ಜಿ ಅಂದರೆ ಹಸಿರುಮನೆ ಅನಿಲ) ಎಂಬ ನಿಯಮಾವಳಿಯ ಪ್ರಕಾರ. ಅದರ ಮೊದಲ ಆವೃತ್ತಿ ಬಂದಿದ್ದು 2001ರಲ್ಲಿ, ಪರಿಷ್ಕೃತ ಆವೃತ್ತಿ 2004ರಲ್ಲಿ. ಹೊಗೆ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಅದು ಲೆಕ್ಕವನ್ನು ಮೂರು 'ಸ್ಕೋಪ್', ಅಂದರೆ ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ಬಾಯ್ಲರ್, ಕುಲುಮೆ, ಜನರೇಟರ್, ಕಂಪನಿಯದೇ ಲಾರಿ, ಹೀಗೆ ನಮ್ಮ ಕೈಯಲ್ಲೇ ಉರಿಯುವುದೆಲ್ಲ ಸ್ಕೋಪ್ 1. ಹೊರಗಿನಿಂದ ಕೊಂಡ ಕರೆಂಟು, ಹಬೆ ಸ್ಕೋಪ್ 2. ಮಿಕ್ಕಿದ್ದೆಲ್ಲ ಸ್ಕೋಪ್ 3. ಇದರಲ್ಲಿ 15 ವಿಭಾಗಗಳಿವೆ: ಕಚ್ಚಾ ಮಾಲು, ಸಾಗಣೆ, ಮಾರಿದ ವಸ್ತುವಿನ ಬಳಕೆ ಇತ್ಯಾದಿ. ನೀರಿನ ಪಂಪ್ ತಯಾರಿಸುವ ಕಂಪನಿಯನ್ನೇ ನೋಡಿ. ಪಂಪ್ ಕಾರ್ಖಾನೆಯಲ್ಲಿರುವುದು ಕೆಲವೇ ದಿನ, ಗಿರಾಕಿಯ ಹತ್ತಿರ ಓಡುವುದು ವರ್ಷಗಟ್ಟಲೆ. ದೊಡ್ಡ ಲೆಕ್ಕ ಎಲ್ಲಿದೆ ಅಂತ ಹೇಳಬೇಕಿಲ್ಲ ಅಲ್ವಾ?

ಸ್ಕೋಪ್ 1 ಅಂದರೆ ಬರೀ ಇಂಧನದ ಹೊಗೆ ಅಂದುಕೊಳ್ಳಬೇಡಿ. ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನ ಇಂಗಾಲವೇ ಹೊರಬರುತ್ತದೆ. 100 ಕೆಜಿ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ 44 ಕೆಜಿ ಕಾರ್ಬನ್ ಡೈಆಕ್ಸೈಡ್. ಗೂಡಿಗೆ ಎಷ್ಟೇ ಶುದ್ಧ ಇಂಧನ ಹಾಕಿದರೂ ಈ 44 ಕೆಜಿ ಕಡಿಮೆಯಾಗುವುದಿಲ್ಲ. ಅದಕ್ಕೇ ಬಟ್ಟೆ ಗಿರಣಿಯ ಯೋಜನೆಯನ್ನು ನಕಲು ಮಾಡಿ ಸಿಮೆಂಟಿಗೆ ಹಾಕಲು ಆಗದು.

ಲೆಕ್ಕದ ಸೂತ್ರ ಸರಳ: ಬಳಸಿದ ಪ್ರಮಾಣವನ್ನು ಅದರ ಗುಣಕದಿಂದ, ಅಂದರೆ ಒಂದು ಲೀಟರಿಗೋ ಕೆಜಿಗೋ ಎಷ್ಟು ಹೊರಸೂಸುತ್ತದೆ ಎಂಬ ಅಂಕಿಯಿಂದ, ಗುಣಿಸುವುದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. 10,000 ಲೀಟರಿಗೆ 27 ಟನ್.

ಮುಂದೆ ಒಂದು ಆಧಾರ ವರ್ಷ, ಅಂದರೆ ಹೋಲಿಕೆಗೆ ಇಟ್ಟುಕೊಳ್ಳುವ ಆರಂಭದ ವರ್ಷ ಬೇಕು, ಅದರ ಮೇಲೆ ಗುರಿ. ಪರೀಕ್ಷೆಯಲ್ಲೂ ಕೆಲಸದಲ್ಲೂ ಎಡವುವ ಜಾಗ ಇದು. ಸುಮ್ನೆ ಒಂದು ಉದಾಹರಣೆ ಮಾಡೋಣ. ಒಂದು ಕಾರ್ಖಾನೆ ವರ್ಷಕ್ಕೆ 1 ಲಕ್ಷ ವಸ್ತು ತಯಾರಿಸಿ 10,000 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತದೆ. ಅಂದರೆ ವಸ್ತುವೊಂದಕ್ಕೆ 100 ಕೆಜಿ. ಕೆಲವು ವರ್ಷಗಳಲ್ಲಿ ಅದನ್ನು 80 ಕೆಜಿಗೆ ಇಳಿಸಿತು. ಶೇ 20 ಇಳಿಕೆ, ಚಪ್ಪಾಳೆ. ಆದರೆ ಉತ್ಪಾದನೆ ಒಂದೂವರೆ ಪಟ್ಟಾಗಿದ್ದರೆ ಒಟ್ಟು 12,000 ಟನ್! ಮೊದಲನೆಯದು ತೀವ್ರತೆಯ ಗುರಿ, ಎರಡನೆಯದನ್ನು ಹಿಡಿಯುವುದು ಒಟ್ಟು ಪ್ರಮಾಣದ ಗುರಿ. ವರದಿಯಲ್ಲಿ ಮೊದಲನೆಯದು ಮಾತ್ರ ಕಂಡರೆ ನಾನಂತೂ ಎರಡನೆಯದನ್ನು ಹುಡುಕುತ್ತೇನೆ.

ಗುರಿ ಎಷ್ಟಿರಬೇಕು? ಕಂಪನಿಗಳ ಗುರಿಗಳನ್ನು ಪರಿಶೀಲಿಸುವ ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ತಾಪಮಾನ ಏರಿಕೆಯ 1.5 ಡಿಗ್ರಿ ಮಿತಿಗೆ ಹೊಂದುವಂತೆ ಸ್ಕೋಪ್ 1 ಮತ್ತು 2ಕ್ಕೆ ಬಳಸಿದ ಪ್ರಸಿದ್ಧ ಅಳತೆ ವರ್ಷಕ್ಕೆ ಶೇ 4.2. ಇದು ಆಧಾರ ವರ್ಷದ ಮೊತ್ತದ ಮೇಲೆ, ಹಿಂದಿನ ವರ್ಷದ್ದರ ಮೇಲಲ್ಲ. ನಮ್ಮ ಉದಾಹರಣೆಯಲ್ಲಿ ಪ್ರತಿ ವರ್ಷ 420 ಟನ್, ಹತ್ತು ವರ್ಷಕ್ಕೆ ಶೇ 42.

ಈಗ ಯೋಜನೆ. ಅಗ್ಗದ ಕೆಲಸಗಳು ಮೊದಲು. ಉತ್ಪಾದನೆ ನಿಂತ ರಾತ್ರಿ ಕಾರ್ಖಾನೆಯೊಳಗೆ ನಡೆದರೆ ಗಾಳಿ ಪೈಪುಗಳ 'ಸುಸ್ಸ್' ಶಬ್ದ ಕೇಳಿಸುತ್ತದೆ. ನಿಗಾ ಇಲ್ಲದ ಕಡೆ ಕಂಪ್ರೆಸರ್ ಒತ್ತಿದ ಗಾಳಿಯಲ್ಲಿ ಶೇ 20ರಿಂದ 30 ಹೀಗೇ ಸೋರಿಹೋಗಬಹುದು. ಫ್ಯಾನ್‌ನದು ಇನ್ನೂ ಸ್ವಾರಸ್ಯ. ಅದು ಎಳೆಯುವ ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಶೇ 20 ಇಳಿಸಿದರೆ 0.8 × 0.8 × 0.8, ಅಂದರೆ 0.512. ಹೆಚ್ಚುಕಡಿಮೆ ಅರ್ಧ ಉಳಿಯಿತು.

ದುಬಾರಿ ಕೆಲಸಗಳಲ್ಲಿ ಹಣಕ್ಕಿಂತ ಸಮಯ ಮುಖ್ಯ ಅಂತ ನನ್ನ ಅಭಿಪ್ರಾಯ. ಬಾಯ್ಲರ್ ಒಮ್ಮೆ ಕೂರಿಸಿದರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಓಡಬಹುದು. ಹಳೆಯದು ಕೆಟ್ಟ ದಿನ ಅವಸರದಲ್ಲಿ ಮತ್ತೆ ಅಂಥದ್ದನ್ನೇ ತಂದರೆ ಮುಂದಿನ ಇಪ್ಪತ್ತು ವರ್ಷದ ಹೊಗೆಯನ್ನೂ ಅವತ್ತೇ ಕೊಂಡಂತೆ. ಅದಕ್ಕೇ ಯಾವ ಯಂತ್ರ ಯಾವ ವರ್ಷ ಬದಲಾಗಬೇಕು ಎಂಬ ಪಟ್ಟಿ ಗುರಿಯ ಪಕ್ಕದಲ್ಲೇ ಇರಬೇಕು. ಎಷ್ಟೋ ಯೋಜನೆಗಳಲ್ಲಿ ಇಲ್ಲದ್ದು ಇದೇ.

ಇಲ್ಲಿಂದ ಆಡಳಿತದ ಪ್ರಶ್ನೆ ಬರುತ್ತದೆ. ಗುರಿಗೆ ಒಪ್ಪಿಗೆ ಕೊಡುವುದು ಆಡಳಿತ ಮಂಡಳಿ. ಬಾಯ್ಲರ್ ಆರಿಸುವುದು ಸ್ಥಾವರದ ಎಂಜಿನಿಯರ್, ಹಣ ಬಿಡುವುದು ಹಣಕಾಸು ವಿಭಾಗ. ಪರಿಸರ ವಿಭಾಗದವರಿಗೆ ಸಿಗುವುದು ವರದಿ ಬರೆಯುವ ಕೆಲಸ ಮಾತ್ರ! ಈ ಕಂದಕ ಮುಚ್ಚಲು ಕೆಲವು ಕಂಪನಿಗಳು ಒಳಗಿನ ಇಂಗಾಲ ಬೆಲೆ ಇಡುತ್ತವೆ. ಇದು ಎರಡು ಥರ. ಯಂತ್ರಗಳನ್ನು ಹೋಲಿಸುವಾಗ ಕಾಗದದ ಮೇಲೆ ಮಾತ್ರ ಸೇರಿಸುವ ನೆರಳು ಬೆಲೆ ಒಂದು. ಪ್ರತಿ ಟನ್ನಿಗೆ ವಿಭಾಗದ ಬಜೆಟ್ಟಿನಿಂದ ನಿಜವಾಗಿಯೂ ಕತ್ತರಿಸುವ ಶುಲ್ಕ ಇನ್ನೊಂದು. ಮೈಕ್ರೋಸಾಫ್ಟ್ 2012ರಲ್ಲಿ ತಂದಿದ್ದು ಎರಡನೆಯದನ್ನು. ಜೇಬಿಗೆ ಕೈ ಹಾಕಿದಾಗಲೇ ವ್ಯವಸ್ಥಾಪಕರು ಮೀಟರ್ ನೋಡುವುದು.

ಬಹಿರಂಗ ವರದಿಯ ವಿಷಯ ಚುಟುಕಾಗಿ: 2017ರ ಟಿಸಿಎಫ್‌ಡಿ (ಕಂಪನಿಗಳು ಹವಾಮಾನದ ಅಪಾಯವನ್ನು ಹೇಗೆ ಬಹಿರಂಗಪಡಿಸಬೇಕು ಎಂದು ಹೇಳಿದ ಕಾರ್ಯಪಡೆ) ಶಿಫಾರಸುಗಳಲ್ಲಿ ಆಡಳಿತ, ಕಾರ್ಯತಂತ್ರ, ಅಪಾಯ ನಿರ್ವಹಣೆ, ಅಳತೆ ಮತ್ತು ಗುರಿ ಎಂಬ ನಾಲ್ಕು ಕಂಬಗಳಿವೆ. 2023ರಲ್ಲಿ ಬಂದ ಐಎಫ್‌ಆರ್‌ಎಸ್ ಎಸ್2 ಎಂಬ ಅಂತರರಾಷ್ಟ್ರೀಯ ಹವಾಮಾನ ವರದಿ ಮಾನದಂಡವೂ ಇವುಗಳ ಮೇಲೇ ನಿಂತಿದೆ.

ಕೊನೆಗೊಂದು ಕಣ್ಕಟ್ಟು. ಕಂಪನಿ ತನ್ನ ಎರಕದ ಘಟಕವನ್ನು ಮಾರಿ, ಅದೇ ಭಾಗಗಳನ್ನು ಹೊಸ ಮಾಲೀಕರಿಂದ ಕೊಳ್ಳಲು ಶುರು ಮಾಡಿತು ಅನ್ನಿ. ಸ್ಕೋಪ್ 1 ಒಂದೇ ವರ್ಷದಲ್ಲಿ ಧಡಕ್ಕನೆ ಇಳಿಯುತ್ತದೆ. ಹೊಗೆ ಮಾತ್ರ ಅದೇ ಚಿಮಣಿಯಿಂದ ಏಳುತ್ತಿರುತ್ತದೆ, ಈಗ ಅದರ ಹೆಸರು ಸ್ಕೋಪ್ 3. ಇಂಥ ದೊಡ್ಡ ಬದಲಾವಣೆ ಆದಾಗ ಆಧಾರ ವರ್ಷದ ಲೆಕ್ಕವನ್ನೂ ತಿದ್ದಬೇಕು ಎನ್ನುತ್ತದೆ ಪ್ರೋಟೊಕಾಲ್. ಮಾರಿದ ಘಟಕದ ಟನ್ನುಗಳನ್ನು ಹಳೆಯ ಮೊತ್ತದಿಂದಲೂ ಕಳೆದ ಮೇಲೆ ಆ ವರ್ಷದ ಇಳಿಕೆ ಎಷ್ಟು ಉಳಿಯುತ್ತದೆ ನೋಡಿ.