ಆ ಟೆಸ್ಟ್ ಒಮ್ಮೆಯಾದರೂ ಫೇಲ್ ಆಗಿದೆಯಾ?

ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವವರು ನನ್ನನ್ನು ಮೊದಲು ಕೇಳುವುದು, ಟೆಸ್ಟಿಂಗ್‌ಗೆ, ಅಂದರೆ ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಅಂತ ಪರೀಕ್ಷಿಸುವ ಪುಟ್ಟ ಕೋಡ್‌ಗಳನ್ನು ಓಡಿಸಲು, ಯಾವ ಟೂಲ್ ಒಳ್ಳೆಯದು ಅಂತ. ಈ ಪ್ರಶ್ನೆಗೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ಕೋಡ್ ಗಿಟ್‌ಹಬ್‌ನಲ್ಲಿದ್ದರೆ ಅಲ್ಲಿನ ಆಕ್ಷನ್ಸ್ ಸಾಕು. ಗಿಟ್‌ಲ್ಯಾಬ್‌ನಲ್ಲಿದ್ದರೆ ಅಲ್ಲಿನದೇ ಸಿಐ (ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಸಾಕು. ಟೂಲ್ ಯಾವತ್ತಿದ್ದರೂ ಬದಲಾಗುತ್ತದೆ. 2020ರ ಕೊನೆಗೆ ಇಂಥದೇ ಸೇವೆಯಾದ ಟ್ರಾವಿಸ್ ಸಿಐ ತನ್ನ ಉಚಿತ ಸೇವೆಯನ್ನು ಬಿಗಿ ಮಾಡಿದಾಗ ಎಷ್ಟೋ ಪ್ರಾಜೆಕ್ಟ್‌ಗಳು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋದವು.

ನನಗೆ ತಲೆನೋವು ತರುವ ವಿಷಯ ಬೇರೆ ಇದೆ. ಹೊಸಬರು ಟೆಸ್ಟ್ ಬರೆದು ಕಳಿಸುತ್ತಾರೆ. ಸಿಐ ಹಸಿರು ತೋರಿಸುತ್ತದೆ, ಅಂದರೆ ಪಾಸ್ (ಫೇಲ್ ಆದರೆ ಕೆಂಪು). ಕವರೇಜ್, ಅಂದರೆ ಟೆಸ್ಟ್‌ಗಳು ಓಡಿಸಿ ನೋಡುವ ಕೋಡ್‌ನ ಶೇಕಡಾ ಪಾಲು, ಸ್ವಲ್ಪ ಮೇಲೇರುತ್ತದೆ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಖುಷಿಯಿಂದ ಮರ್ಜ್ ಮಾಡುತ್ತಾರೆ, ಅಂದರೆ ಮುಖ್ಯ ಕೋಡ್‌ಗೆ ಸೇರಿಸುತ್ತಾರೆ. ಆದರೆ ಆ ಟೆಸ್ಟ್ ಫೇಲ್ ಆಗಿದ್ದನ್ನು ಯಾರೂ ನೋಡಿರುವುದಿಲ್ಲ. ಬರೆದವರೂ ನೋಡಿಲ್ಲ, ರಿವ್ಯೂ ಮಾಡಿದವರೂ ನೋಡಿಲ್ಲ. ಮಾಡು ಸೋರುತ್ತದೆಯೇ ಅಂತ ಬೇಸಿಗೆಯಲ್ಲಿ ನೋಡಿ ಬಂದು, ಏನೂ ಸೋರುತ್ತಿಲ್ಲ ಎಂದ ಹಾಗೆ ಇದು.

ಒಂದು ಉದಾಹರಣೆ ಕೊಡುತ್ತೇನೆ. ಕನ್ನಡ ಪಠ್ಯದಲ್ಲಿ ಪದ ಹುಡುಕುವ ಒಂದು ಪುಟ್ಟ ಪ್ರೋಗ್ರಾಂ. ಕಡತದಲ್ಲಿ 'ಕೋಲಾರ' ಇದೆ, ಹುಡುಕಿದರೆ ಸಿಗುತ್ತಿಲ್ಲ ಎಂಬ ದೂರು ಬಂತು. ಕಾರಣ ಯೂನಿಕೋಡ್‌ನಲ್ಲಿತ್ತು, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ. ಆ ಸಂಖ್ಯೆಗೇ ಕೋಡ್ ಪಾಯಿಂಟ್ ಅಂತ ಹೆಸರು. 'ಕೋ' ಎಂಬಲ್ಲಿನ ಸ್ವರ ಚಿಹ್ನೆಯನ್ನು ಒಂದೇ ಕೋಡ್ ಪಾಯಿಂಟ್ ಆಗಿ ಬರೆಯಬಹುದು. ಏತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಬೈಟ್‌ಗಳನ್ನು ಮಾತ್ರ ಹೋಲಿಸುವ ಪ್ರೋಗ್ರಾಂಗೆ ಅವು ಬೇರೆ ಬೇರೆ ಪದಗಳು. ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಜೋಡಿಸಿದ ಒಂದೇ ರೂಪಕ್ಕೆ ತಂದರೆ ಮುಗಿಯಿತು, ಒಂದೇ ಸಾಲಿನ ತಿದ್ದುಪಡಿ.

ಕಾಲೇಜು ಹುಡುಗನೊಬ್ಬ ಆ ಸಾಲನ್ನು ಸರಿಯಾಗಿಯೇ ಬರೆದಿದ್ದ. ಜೊತೆಗೆ ಟೆಸ್ಟ್ ಕೂಡ ಕಳಿಸಿದ್ದ. ಪಠ್ಯದಲ್ಲಿ 'ಕೋಲಾರ', ಹುಡುಕಬೇಕಾದ ಪದ 'ಕೋಲಾರ', ಸಿಗಬೇಕು. ಸಿಕ್ಕಿತು.

"ನಿನ್ನ ತಿದ್ದುಪಡಿಯ ಸಾಲು ತೆಗೆದು ಓಡಿಸಿ ನೋಡಿದೆಯಾ?" ಅಂತ ಕೇಳಿದೆ.

"ಇಲ್ಲ ಸರ್. ತಿದ್ದಿದ ಮೇಲೆ ಪಾಸ್ ಆಯ್ತಲ್ಲ ಸರ್."

ತೆಗೆದು ಓಡಿಸಿದ. ಆಗಲೂ ಪಾಸ್. ಎರಡು ಪದಗಳನ್ನೂ ಅವನು ಒಂದೇ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದ, ಎರಡರಲ್ಲೂ ಒಂದೇ ಕೋಡ್ ಪಾಯಿಂಟ್ ಇತ್ತು. ದೂರು ಬಂದ ಸನ್ನಿವೇಶ ಆ ಟೆಸ್ಟ್‌ನಲ್ಲಿ ಇರಲೇ ಇಲ್ಲ. ಇದನ್ನು ರಿವ್ಯೂನಲ್ಲಿ ಕಣ್ಣಿಂದ ನೋಡಿ ಹಿಡಿಯಲು ಯಾರಿಗೂ ಆಗದು. ಇಂಥ ಟೆಸ್ಟ್‌ನಲ್ಲಿ ಅಕ್ಷರ ಟೈಪ್ ಮಾಡಬಾರದು, ಕೋಡ್ ಪಾಯಿಂಟ್‌ಗಳ ಸಂಖ್ಯೆಯನ್ನೇ ಬರೆಯಬೇಕು. ಹುಡುಗ ಹಾಗೆ ಬದಲಿಸಿದ. ತಿದ್ದುಪಡಿ ತೆಗೆದಾಗ ಕೆಂಪು ಬಂತು, ಹಾಕಿದಾಗ ಹಸಿರಾಯಿತು. ಒಳ್ಳೆ ಹುಡುಗ, ಹೇಳಿದ ತಕ್ಷಣ ಹಿಡಿದುಬಿಟ್ಟ.

ಕನ್ನಡ ಬಿಟ್ಟರೂ ಇದೇ ಕಥೆ. ಪ್ರೋಗ್ರಾಂ ಕೊಟ್ಟ ಉತ್ತರವನ್ನೇ ಕಾಪಿ ಮಾಡಿ, ಇದೇ ಸರಿಯಾದ ಉತ್ತರ ಅಂತ ಟೆಸ್ಟ್‌ನಲ್ಲಿ ಅಂಟಿಸುವವರಿದ್ದಾರೆ. ಪೈಥಾನ್ ಭಾಷೆಯ ಟೆಸ್ಟ್ ಟೂಲ್ ಆದ ಪೈಟೆಸ್ಟ್‌ನಲ್ಲಿ ಫಂಕ್ಷನ್ ಹೆಸರು 'ಟೆಸ್ಟ್' ಎಂಬ ಪದದಿಂದ ಶುರುವಾಗದಿದ್ದರೆ, ಸೆಟ್ಟಿಂಗ್ ಬದಲಿಸದ ಹೊರತು ಅದು ಓಡುವುದೇ ಇಲ್ಲ. ಷರತ್ತು ನಿಜವೇ ಅಂತ ನೋಡುವ ಪೈಥಾನ್‌ನ 'ಅಸರ್ಟ್' ಪಕ್ಕ ಕಂಸ ಹಾಕಿ, ಒಳಗೆ ಷರತ್ತು, ಅಲ್ಪವಿರಾಮ, ಸಂದೇಶ ಅಂತ ಬರೆದರೆ ಅದು ಟ್ಯೂಪಲ್ (ಮೌಲ್ಯಗಳ ಒಂದು ಕಟ್ಟು) ಆಗುತ್ತದೆ. ಒಳಗೇನಾದರೂ ಇರುವ ಟ್ಯೂಪಲ್ ಯಾವಾಗಲೂ ನಿಜ, ಹಾಗಾಗಿ ಆ ಟೆಸ್ಟ್ ಯಾವತ್ತೂ ಪಾಸ್. ಪೈಥಾನ್ ಎಚ್ಚರಿಕೆಯನ್ನೇನೋ ಕೊಡುತ್ತದೆ, ಆದರೆ ಸಿಐ ಲಾಗ್‌ನಲ್ಲಿ ಅದನ್ನು ಓದುವವರು ಯಾರು?

ಕೆಂಪು ಬಂದರಷ್ಟೇ ಸಾಲದು, ಯಾಕೆ ಬಂತು ಅಂತಲೂ ನೋಡಬೇಕು. ಹೆಸರು ತಪ್ಪಾಗಿ ಬರೆದರೂ ಕೆಂಪು, ಇಂಪೋರ್ಟ್ ಮರೆತರೂ ಕೆಂಪು. ಅದು ನಮಗೆ ಬೇಕಾದ ಕೆಂಪಲ್ಲ. ಇದರಲ್ಲಿ ಲಿಬ್ರೆಆಫೀಸ್ ಎಂಬ ಓಪನ್ ಸೋರ್ಸ್ ಆಫೀಸ್ ತಂತ್ರಾಂಶದವರ ಪದ್ಧತಿ ನನಗೆ ತುಂಬ ಇಷ್ಟ. ಅವರ ಎಷ್ಟೋ ಟೆಸ್ಟ್‌ಗಳ ಹೆಸರಿನಲ್ಲಿ ಬಗ್ (ದೋಷ) ಸಂಖ್ಯೆ ಇರುತ್ತದೆ. ಒಳಗೆ ಒಂದು ಟಿಪ್ಪಣಿ: ಈ ತಿದ್ದುಪಡಿ ಇಲ್ಲದಿದ್ದರೆ ಟೆಸ್ಟ್ ಹೀಗೆ ಫೇಲ್ ಆಗುತ್ತಿತ್ತು, ಬರಬೇಕಾಗಿದ್ದು ಇಷ್ಟು, ಬಂದಿದ್ದು ಇಷ್ಟು. ಬರೆದವರು ಕೆಂಪನ್ನು ಕಣ್ಣಾರೆ ನೋಡಿದ್ದಾರೆ ಅಂತ ಓದಿದವರಿಗೆ ತಿಳಿಯುತ್ತದೆ.

ಕಂಪನಿಯಲ್ಲಾದರೆ ಪಕ್ಕದ ಸೀಟಿನವರನ್ನು ಕೇಳಬಹುದು, ಈ ಟೆಸ್ಟ್ ಯಾಕೆ ಬರೆದಿರಿ ಅಂತ. ಸ್ವಯಂಸೇವಕರ ಪ್ರಾಜೆಕ್ಟ್‌ನಲ್ಲಿ ಬರೆದವರಿಗೆ ಕೆಲಸ ಸಿಕ್ಕಿರುತ್ತದೆ, ಮದುವೆಯಾಗಿರುತ್ತದೆ, ಇಮೇಲ್ ವಿಳಾಸ ಬದಲಾಗಿರುತ್ತದೆ. ಅವರದು ತಪ್ಪು ಅಂತಲ್ಲ, ಬಿಡುವಿನಲ್ಲಿ ಬಂದು ದುಡಿದವರು ಅವರು. ಆಮೇಲೆ ಬಂದವರು ಯಾರನ್ನೂ ಕೇಳಲಾಗದೆ ಆ ಹಸಿರನ್ನು ನಂಬಿ ಕೋಡ್ ಬದಲಿಸುತ್ತಾರೆ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಹಟ.

ಹಾಗಾದರೆ ವ್ಯವಸ್ಥೆ ಹೇಗೆ? ಬಗ್ ತಿದ್ದುವ ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲಿ, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಮನವಿಯಲ್ಲಿ, ಎರಡು ಕಮಿಟ್ (ದಾಖಲಿಸಿದ ಬದಲಾವಣೆ) ಕೇಳಿ. ಮೊದಲನೆಯದರಲ್ಲಿ ಬರೀ ಟೆಸ್ಟ್, ಎರಡನೆಯದರಲ್ಲಿ ತಿದ್ದುಪಡಿ. ಸಿಐಯಲ್ಲಿ ಒಂದು ಪ್ರತ್ಯೇಕ ಜಾಬ್ ಇಡಿ. ಅದು ಹೊಸ ಟೆಸ್ಟ್ ಕಡತಗಳನ್ನು ಮಾತ್ರ ಹಳೆಯ ಕೋಡ್ ಮೇಲೆ ಓಡಿಸಲಿ, ಎಲ್ಲ ಪಾಸ್ ಆದರೆ ರಿವ್ಯೂ ಮಾಡುವವರಿಗೆ ತಿಳಿಸಲಿ. ಮರ್ಜ್ ತಡೆಯುವ ಅಧಿಕಾರ ಅದಕ್ಕೆ ಕೊಡಬೇಡಿ ಎನ್ನುವುದು ನನ್ನ ಸಲಹೆ. ಕೋಡ್‌ನ ವರ್ತನೆ ಬದಲಿಸದೆ ಮಾಡುವ ಮರುಜೋಡಣೆಗೆ ಬರೆದ ಟೆಸ್ಟ್ ಹಳೆಯದರಲ್ಲೂ ಪಾಸ್ ಆಗಲೇಬೇಕು, ಅದು ತಪ್ಪಲ್ಲ. ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಎರಡು ಥ್ರೆಡ್‌ಗಳ ಪೈಪೋಟಿಯಿಂದ ಹುಟ್ಟುವ ಬಗ್‌ಗಳು ಕರೆದಾಗ ಬರುವುದಿಲ್ಲ. ಅಂಥ ಕಡೆ ಮನುಷ್ಯರೇ ನೋಡಿ ನಿರ್ಧರಿಸಬೇಕು.

ಬಗ್ ತೋರಿಸಬಲ್ಲೆ, ತಿದ್ದಲು ಬರುವುದಿಲ್ಲ ಎನ್ನುವವರನ್ನು ಸುಮ್ನೆ ವಾಪಸ್ ಕಳಿಸಬೇಡಿ. ಫೇಲ್ ಆಗುವ ಟೆಸ್ಟನ್ನೇ ತೆಗೆದುಕೊಳ್ಳಿ. ಪೈಟೆಸ್ಟ್‌ನಲ್ಲಿ ಅದಕ್ಕೆ 'ಎಕ್ಸ್‌ಫೇಲ್' (ಫೇಲ್ ಆಗುವುದು ನಿರೀಕ್ಷಿತ) ಎಂಬ ಗುರುತು ಇದೆ. ಕೋಡ್ ಬದಲಾವಣೆಗಳ ದಾಖಲೆ ಇಡುವ ಟೂಲ್ ಗಿಟ್‌ನ ಸ್ವಂತ ಟೆಸ್ಟ್‌ಗಳಲ್ಲೂ ಗೊತ್ತಿರುವ ದೋಷಕ್ಕೆ ಹೀಗೆ ಗುರುತು ಹಾಕುತ್ತಾರೆ. ಪೈಟೆಸ್ಟ್‌ನ ಗುರುತಿಗೆ 'ಸ್ಟ್ರಿಕ್ಟ್' ಸೇರಿಸಿದರೆ, ಮುಂದೆ ಯಾರೋ ಆ ಬಗ್ ಸರಿಮಾಡಿದ ದಿನ, ಫೇಲ್ ಆಗಬೇಕಿದ್ದ ಟೆಸ್ಟ್ ಪಾಸ್ ಆದ ಕಾರಣ, ಸಿಐ ಕೆಂಪಾಗುತ್ತದೆ. ಆಗ ಗುರುತು ಕಿತ್ತರಾಯಿತು.

ಇನ್ನು ಹಳೆಯ ಟೆಸ್ಟ್‌ಗಳು. ಎಲ್ಲವನ್ನೂ ಕೂತು ಪರೀಕ್ಷಿಸಲು ಯಾರಿಗೂ ಪುರುಸೊತ್ತಿಲ್ಲ, ಬೇಕಾಗಿಯೂ ಇಲ್ಲ. ನೀವು ಮುಟ್ಟುವ ಕಡತದಲ್ಲಿ ಒಂದು ಹೋಲಿಕೆಯ ಚಿಹ್ನೆಯನ್ನು ಬೇಕೆಂದೇ ತಿರುಗಿಸಿ, ಯಾವ ಟೆಸ್ಟ್ ಕೂಗುತ್ತದೆ ನೋಡಿ. ಇದನ್ನೇ ತಾನಾಗಿ ಮಾಡುವ ಟೂಲ್‌ಗಳಿವೆ, ಪೈಥಾನ್‌ಗೆ ಮ್ಯೂಟ್‌ಮಟ್, ಜಾವಾಕ್ಕೆ ಪಿಟ್. ಅವು ನಿಧಾನ, ಹಾಗಾಗಿ ಪ್ರತಿ ಬದಲಾವಣೆಗೆ ಬೇಡ, ವಾರಕ್ಕೊಮ್ಮೆ ರಾತ್ರಿ ಓಡಲಿ. ಕೋಡ್ ಕೆಡಿಸಿದರೂ ಯಾವ ಟೆಸ್ಟೂ ಕೂಗದ ಜಾಗಗಳನ್ನು ಒಂದೊಂದು ಇಶ್ಯೂ (ಆಗಬೇಕಾದ ಕೆಲಸದ ಟಿಪ್ಪಣಿ) ಆಗಿ ಬರೆದು, ಹೊಸಬರಿಗೆ ಅಂತ ಲೇಬಲ್ ಹಚ್ಚಿ. ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಹಬ್ಬಕ್ಕೆ ಅಂತ ಉತ್ಸಾಹದಿಂದ ಬರುವ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಪರಿಚಯಿಸುವ ರೀಡ್‌ಮೀ ಕಡತದ ಕಾಗುಣಿತ ತಿದ್ದಲು ಹೇಳುವ ಬದಲು ಇದನ್ನು ಕೊಡಿ. ಕೆಂಪು ಬಂದ ಲಾಗನ್ನು ಪುಲ್ ರಿಕ್ವೆಸ್ಟ್‌ಗೆ ಅಂಟಿಸಲು ಮರೆಯದೆ ಹೇಳಿ.