ಗೋದಾಮು ಎಷ್ಟು ಬೇಕು? ಲಾಜಿಸ್ಟಿಕ್ಸ್ ಯೋಜನೆಯ ಅಧ್ಯಯನ ಟಿಪ್ಪಣಿ

ಲಾಜಿಸ್ಟಿಕ್ಸ್, ಅಂದರೆ ಸರಕನ್ನು ಇಡುವ ಮತ್ತು ಸಾಗಿಸುವ ವ್ಯವಸ್ಥೆಯ ಯೋಜನೆಯ ಅಧ್ಯಾಯವನ್ನು ಮೊದಲ ಸಲ ಓದುವಾಗ ನಾನು ಇದನ್ನು ಲಾರಿಗಳ ವಿಷಯ ಎಂದುಕೊಂಡಿದ್ದೆ. ಯಾವ ದಾರಿ ಹತ್ತಿರ, ಯಾರ ಬಾಡಿಗೆ ಕಡಿಮೆ ಎಂದು ನೋಡಿದರೆ ಮುಗಿಯಿತಲ್ಲ! ಆದರೆ ಅದು ಸರಪಳಿಯ ಕೊನೆಯ ಕೊಂಡಿ ಮಾತ್ರ. ಪಠ್ಯಗಳಲ್ಲಿ ಯೋಜನೆಯನ್ನು ಕಾರ್ಯತಂತ್ರ, ಮಧ್ಯಮಾವಧಿ, ದೈನಂದಿನ ಎಂದು ಮೂರು ಹಂತ ಮಾಡಿರುತ್ತಾರೆ. ಇವುಗಳನ್ನು ಬೇರ್ಪಡಿಸಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ತಪ್ಪಿದರೆ ತಿದ್ದಲು ಎಷ್ಟು ಕಾಲ ಬೇಕು? ಇಂದು ಲಾರಿ ಸುತ್ತುದಾರಿ ಹಿಡಿದರೆ ನಾಳೆ ಸರಿಪಡಿಸಬಹುದು. ಸಾಗಣೆ ಒಪ್ಪಂದ ಕೈಕೊಟ್ಟರೆ ಅದರ ಅವಧಿ ಮುಗಿಯುವವರೆಗೆ ಸಹಿಸಬೇಕು. ತಪ್ಪು ಜಾಗದಲ್ಲಿ ಕಟ್ಟಿದ ಗೋದಾಮನ್ನು ಎತ್ತಿ ಪಕ್ಕಕ್ಕಿಡಲು ಬರುವುದಿಲ್ಲ. ವರ್ಷಗಟ್ಟಲೆ ಅದರ ಜೊತೆ ಬಾಳಬೇಕು. ಈ ಕೊನೆಯ ಬಗೆಯದೇ ಕಾರ್ಯತಂತ್ರದ ನಿರ್ಧಾರ.

ಅಂಥ ನಿರ್ಧಾರಗಳು ಮೂರು ವಿಷಯಗಳ ಸುತ್ತ ಇರುತ್ತವೆ: ಸ್ಥಳ, ದಾಸ್ತಾನು, ಸಾಗಣೆ. ಇವುಗಳ ನಡುವೆ ಕುಳಿತಿರುವುದು ಗ್ರಾಹಕನಿಗೆ ಕೊಟ್ಟ ಮಾತು. ಎಷ್ಟು ದಿನದಲ್ಲಿ ತಲುಪಿಸುತ್ತೇವೆ, ಕೇಳಿದಾಗ ಸರಕು ಇರುವ ಖಾತ್ರಿ ಎಷ್ಟು ಎಂಬುದು ಮೊದಲು ನಿಗದಿಯಾಗದೆ ಉಳಿದ ಮೂರಕ್ಕೆ ಕೈ ಹಾಕಬಾರದು. ಆದರೆ ಇಲ್ಲಿ ಹೆಚ್ಚಿನ ಸಂಸ್ಥೆಗಳದ್ದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಸೇವೆ ಅತ್ಯುತ್ತಮವಾಗಿರಬೇಕು, ಖರ್ಚು ಮಾತ್ರ ಏರಬಾರದು.

ಆ ಆಸೆಯ ಬೆಲೆಯನ್ನು ಅಂಕಿಗಳಲ್ಲಿ ನೋಡೋಣ. ಬೇಡಿಕೆ ಸರಾಸರಿಯ ಆಚೀಚೆ ಸಹಜವಾಗಿ ಏರಿಳಿಯುತ್ತದೆ ಎಂದಿಟ್ಟುಕೊಂಡರೆ, ಸುರಕ್ಷತಾ ದಾಸ್ತಾನು (ಬೇಡಿಕೆ ದಿಢೀರ್ ಏರಿದರೆ ಇರಲಿ ಎಂದು ಇಡುವ ಹೆಚ್ಚುವರಿ ಸರಕು) ಎಂದರೆ ಆ ಏರಿಳಿತದ ಅಳತೆಯನ್ನು ಒಂದು ಗುಣಕದಿಂದ ಗುಣಿಸಿದ ಮೊತ್ತ. 95 ಶೇಕಡಾ ಖಾತ್ರಿಗೆ ಗುಣಕ ಸುಮಾರು 1.65, 99ಕ್ಕೆ 2.33, 99.9ಕ್ಕೆ 3.09. ಅಂದರೆ 95ರಿಂದ 99ಕ್ಕೆ ಏರಲು ಸುಮಾರು 41 ಶೇಕಡಾ ಹೆಚ್ಚು ಸರಕು ಇಡಬೇಕು. ಅಲ್ಲಿಂದ ಇನ್ನೂ ಒಂದು ಶೇಕಡಾಕ್ಕಿಂತ ಕಡಿಮೆ ಗಳಿಕೆಗೆ ಮತ್ತೆ ಮೂರನೇ ಒಂದರಷ್ಟು. ಹಾಗಾಗಿ ಎಲ್ಲ ಸರಕಿಗೂ ಒಂದೇ ಖಾತ್ರಿ ಎನ್ನುವುದು ಸೋಮಾರಿ ಯೋಜನೆ. ನಿಂತ ಯಂತ್ರವನ್ನು ಓಡಿಸುವ ಬಿಡಿಭಾಗಕ್ಕೆ 99 ಸಲ್ಲುತ್ತದೆ, ವರ್ಷಕ್ಕೆ ಎರಡು ಸಲ ಕೇಳುವ ಬಣ್ಣಕ್ಕೆ ಸಲ್ಲುವುದಿಲ್ಲ.

ಈಗ ಶೀರ್ಷಿಕೆಯ ಪ್ರಶ್ನೆ. ಪ್ರತಿ ಗೋದಾಮಿನಲ್ಲಿ 100 ಪೆಟ್ಟಿಗೆ ಸುರಕ್ಷತಾ ದಾಸ್ತಾನು ಇರುವ ನಾಲ್ಕು ಗೋದಾಮುಗಳಿವೆ ಎನ್ನಿ, ಒಟ್ಟು 400. ನಾಲ್ಕನ್ನೂ ಒಂದಾಗಿಸಿದರೆ ಎಷ್ಟು ಬೇಕು? 400 ಅಲ್ಲ, 200. ಒಂದು ಕಡೆ ಬೇಡಿಕೆ ಏರಿದ ದಿನ ಇನ್ನೊಂದು ಕಡೆ ಇಳಿದಿರಬಹುದು, ಆಗ ಎರಡೂ ಒಂದನ್ನೊಂದು ತುಂಬಿಕೊಳ್ಳುತ್ತವೆ. ಇದೇ ವರ್ಗಮೂಲ ನಿಯಮ: ದಾಸ್ತಾನು ಗೋದಾಮುಗಳ ಸಂಖ್ಯೆಯ ವರ್ಗಮೂಲದಂತೆ ಬದಲಾಗುತ್ತದೆ. ನಾಲ್ಕರ ವರ್ಗಮೂಲ ಎರಡಾದ್ದರಿಂದ ಸರಕು ಅರ್ಧಕ್ಕೆ ಇಳಿಯಿತು. ಪರೀಕ್ಷೆಯಲ್ಲಿ ಇಷ್ಟು ಬರೆದು ಬಿಡುವವರೇ ಹೆಚ್ಚು, ಷರತ್ತನ್ನು ಮರೆಯಬೇಡಿ. ಪ್ರದೇಶಗಳ ಬೇಡಿಕೆ ಪರಸ್ಪರ ಸಂಬಂಧವಿಲ್ಲದೆ, ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಏರಿಳಿಯಬೇಕು. ಎಲ್ಲ ಕಡೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವ ಸರಕಾದರೆ ಉಳಿತಾಯ ಸೊನ್ನೆ.

ಹಾಗಾದರೆ ಒಂದೇ ಗೋದಾಮು ಸಾಕೇ? ಇಲ್ಲ, ಏಕೆಂದರೆ ಗ್ರಾಹಕ ದೂರವಾದ. ಗೋದಾಮಿನಿಂದ ಗ್ರಾಹಕನಿಗೆ ಹೋಗುವುದು ಚಿಲ್ಲರೆ ಸರಕು, ಅದರ ಸಾಗಣೆಯೇ ದುಬಾರಿ. ಗೋದಾಮು ಹೆಚ್ಚಿದಷ್ಟೂ ಈ ವೆಚ್ಚ ಇಳಿಯುತ್ತದೆ. ಬಾಡಿಗೆ, ಸಿಬ್ಬಂದಿ, ದಾಸ್ತಾನಿನ ವೆಚ್ಚ ಏರುತ್ತದೆ. ಒಂದು ಮಿತಿ ದಾಟಿದ ಮೇಲೆ ಕಾರ್ಖಾನೆಯಿಂದ ಬರುವ ಲಾರಿಯೂ ಅರೆಬರೆ ತುಂಬಿ ಬರತೊಡಗುತ್ತದೆ. ಎಲ್ಲವನ್ನೂ ಕೂಡಿಸಿ ನಕ್ಷೆ ಎಳೆದರೆ ಬಟ್ಟಲಿನಂತಹ ಗೆರೆ ಸಿಗುತ್ತದೆ. ನನಗೆ ಹಿಡಿಸಿದ್ದು ಬಟ್ಟಲಿನ ತಳ. ಅದು ಸಾಮಾನ್ಯವಾಗಿ ಚಪ್ಪಟೆ. ನಾಲ್ಕು ಗೋದಾಮಿಗೂ ಐದಕ್ಕೂ ಒಟ್ಟು ವೆಚ್ಚದಲ್ಲಿ ಹೆಚ್ಚು ಅಂತರ ಇಲ್ಲದಿದ್ದರೆ, ಅಲ್ಲಿ ವೆಚ್ಚವನ್ನು ಬಿಟ್ಟು ಸೇವೆಯನ್ನು ನೋಡಿ ಆರಿಸಬಹುದು.

ಸಾಗಣೆಯ ವಿಧಾನ ಆರಿಸುವಾಗಲೂ ಇದೇ ಒಟ್ಟು ವೆಚ್ಚದ ತರ್ಕ. ದಿನಕ್ಕೆ 20 ಯಂತ್ರ ಮಾರುವವನು ಹಡಗಿನಲ್ಲಿ 30 ದಿನಕ್ಕೆ ತರಿಸಿದರೆ ಸದಾ 600 ಯಂತ್ರಗಳು ನೀರಿನ ಮೇಲಿರುತ್ತವೆ. ವಿಮಾನದಲ್ಲಿ ಮೂರು ದಿನಕ್ಕೆ ಬಂದರೆ 60. ಜೊತೆಗೆ, ಸಾಗಣೆಯೇ ಪೂರೈಕೆಯ ಇಡೀ ಅವಧಿ ಎಂದಿಟ್ಟುಕೊಂಡರೆ, ಅವಧಿ ಹತ್ತು ಪಟ್ಟಾದಾಗ ಸುರಕ್ಷತಾ ದಾಸ್ತಾನು ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.2 ಪಟ್ಟಾಗುತ್ತದೆ. ಯಂತ್ರ ಅಗ್ಗದ್ದಾದರೆ ಹಡಗೇ ಗೆಲ್ಲುತ್ತದೆ. ಹಗುರವಾಗಿ ದುಬಾರಿಯಾಗಿದ್ದರೆ, ಮಾದರಿ ಬೇಗ ಹಳತಾಗುವಂತಿದ್ದರೆ, ವಿಮಾನದ ಬಾಡಿಗೆ ತೆತ್ತೂ ಲಾಭವಾಗಬಹುದು.

ಈ ಲೆಕ್ಕಗಳೆಲ್ಲ ದಾರಿ ತೆರೆದಿರುತ್ತದೆ ಎಂದು ನಂಬಿ ಹಾಕಿದವು. 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಎಂಬ ಸುಮಾರು 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ಸಂಚಾರ ನಿಂತಿತು. ಕನಿಷ್ಠ ದಾಸ್ತಾನಿಗೆ ಹೆಸರಾದ ಟೊಯೊಟಾ ಕೂಡ 2011ರ ಜಪಾನ್ ಭೂಕಂಪದ ನಂತರ ಚಿಪ್‌ಗಳನ್ನು ಕೆಲವು ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳುವಂತೆ ಪೂರೈಕೆದಾರರನ್ನು ಕೇಳಿತು. ಬದಲಿ ಸಿಗದ ಭಾಗಕ್ಕಷ್ಟೇ ವಿನಾಯಿತಿ, ಇಡೀ ಪದ್ಧತಿಗಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ.

ಪ್ರಕರಣ ಅಧ್ಯಯನದ ಪ್ರಶ್ನೆ ಬಂದರೆ ವೆಚ್ಚದ ಪಟ್ಟಿಯಲ್ಲಿ ದಾಸ್ತಾನಿನ ಸಾಲು ಇದೆಯೇ ಎಂದು ಮೊದಲು ಹುಡುಕುತ್ತೇನೆ. ಎಷ್ಟೋ ಸಲ ಇರುವುದಿಲ್ಲ. ಬಾಡಿಗೆ ಇಳಿಸಿದ ಸಾಗಣೆ ವಿಭಾಗಕ್ಕೆ ಶಹಬ್ಬಾಸ್ ಸಿಕ್ಕಿರುತ್ತದೆ, ಅದರಿಂದ ಗೋದಾಮಿನಲ್ಲಿ ಕೊಳೆಯುತ್ತಿರುವ ಸರಕಿನ ಬಡ್ಡಿ ಹಣಕಾಸು ವಿಭಾಗದ ಲೆಕ್ಕದಲ್ಲಿ ಬೇರೆ ಹೆಸರಿನಲ್ಲಿ ಕುಳಿತಿರುತ್ತದೆ.